ಮಳೆಗೆ ಮೂವತ್ತು ಮಾರ್ಕ್ಸು

"ಆ ತುದಿ ಇಡ್ಕೊ ಕೂಸೇ! ಮಡಚ್ಬ್ಯಾಡ, ಎತ್ತು! ಎತ್ತೇ!"

ಮಹಡಿಯ ಮೇಲೆ ಅಜ್ಜಿ ಕೂಗುತ್ತಿದ್ದಳು. ಲಾಸ್ಯ ಸಂಡಿಗೆ ಇಟ್ಟಿದ್ದ ಪ್ಲಾಸ್ಟಿಕ್ ಶೀಟಿನ ಒಂದು ತುದಿ ಹಿಡಿದು ಎಳೆದಳು. ಅತ್ತ ತುದಿಯನ್ನು ಗಾಳಿ ಹಿಡಿದು ಎಳೆಯಿತು. ಐದನೇ ಕ್ಲಾಸಿನ ಹುಡುಗಿಗಿಂತ ಗಾಳಿಗೇ ಬಲ ಜಾಸ್ತಿ. ಶೀಟು ಪಟಪಟ ಬಡಿದುಕೊಂಡು ಅವಳ ಕೈ ತಪ್ಪಿಸಿಕೊಂಡಿತು.

ಅಷ್ಟರಲ್ಲಿ ಒಂದು ದಪ್ಪ ಹನಿ ಬಿತ್ತು. ಬೆಳಿಗ್ಗೆಯಿಂದ ಸೊಂಟ ಬಗ್ಗಿಸಿ ಅಜ್ಜಿ ಸಾಲು ಸಾಲಾಗಿ ಇಟ್ಟಿದ್ದ ಅಕ್ಕಿ ಸಂಡಿಗೆಯ ಮೇಲೆ ಒಂದು ಹನಿ, ಪಕ್ಕದ ಸಂಡಿಗೆಯ ಮೇಲೆ ಇನ್ನೊಂದು. ಆಮೇಲೆ ಎಣಿಸುವುದಕ್ಕೇ ಆಗಲಿಲ್ಲ. ದೋ ಎಂದು ಸುರಿಯಿತು. ನೋಡುತ್ತಿದ್ದಂತೆಯೇ ಎಂಟುನೂರು ಸಂಡಿಗೆಯೂ ಕಲಸಿಹೋಗಿ ಗಂಜಿಯಾಗಿ, ಮಹಡಿಯ ನೀರು ಹೋಗುವ ಪೈಪಿನ ಕಡೆ ಹೊರಟವು.

ಅಜ್ಜಿ ನೆನೆಯುತ್ತ ನಿಂತಿದ್ದಳು. ಸೆರಗನ್ನು ತಲೆಗೆ ಹಾಕಿಕೊಳ್ಳಬೇಕು ಅನ್ನುವುದೂ ಅವಳಿಗೆ ಹೊಳೆಯಲಿಲ್ಲ.

"ಓಯ್ತು ಬುಡು," ಅಂದಳು.

ಲಾಸ್ಯಳಿಗೆ ಅಳು ಬರಲಿಲ್ಲ. ಅಜ್ಜಿಯ ಮುಖ ನೋಡುವುದಕ್ಕೂ ಆಗಲಿಲ್ಲ. ಯಾಕೆಂದರೆ ಇವತ್ತು ಸಂಡಿಗೆ ಇಟ್ಟದ್ದೇ ಅವಳ ಮಾತು ಕೇಳಿ.

ಬೆಳಿಗ್ಗೆ ಆದದ್ದು ಇಷ್ಟು. ಅಜ್ಜಿ ಒಲೆಯ ಮೇಲೆ ನೀರಿಟ್ಟು, ಉಪ್ಪು ಹಾಕಲು ಜಾಡಿಗೆ ಕೈ ಹಾಕಿದವಳು ಹಾಗೇ ನಿಂತಳು. ಕಲ್ಲುಪ್ಪು ಬೆರಳಿಗೆ ಅಂಟಿಕೊಂಡು ಬಂತು.

"ಉಪ್ಪು ಒದ್ದೆ ಆಗ್ಬುಟ್ಟದೆ ಕೂಸೇ. ಇವತ್ತು ಬ್ಯಾಡ ಅನ್ಸುತ್ತೆ. ರುಬ್ಬಿದ ಇಟ್ಟು ನಾಳೆಗೂ ಇರ್ತದೆ."

ಲಾಸ್ಯ ಅಮ್ಮನ ಫೋನು ಹಿಡಿದು ಕೂತಿದ್ದಳು. ಅದು ಅವಳ ದಿನದ ಕೆಲಸ. ಸ್ಕೂಲಿನ ಅಸೆಂಬ್ಲಿಯಲ್ಲಿ ಒಬ್ಬರು ಪತ್ರಿಕೆ ಓದುತ್ತಾರೆ, ಒಬ್ಬರು ಒಳ್ಳೆಯ ಮಾತು ಹೇಳುತ್ತಾರೆ. ಲಾಸ್ಯ 'ಇಂದಿನ ಹವಾಮಾನ' ಹೇಳುತ್ತಾಳೆ. ಎರಡು ತಿಂಗಳಿಂದ ಹೇಳಿ ಹೇಳಿ, ಆಕಾಶ ತನ್ನನ್ನು ಕೇಳಿಕೊಂಡೇ ಮೋಡ ಕಟ್ಟುತ್ತದೆ ಎನ್ನುವಷ್ಟು ಜಂಬ ಅವಳಿಗೆ ಬಂದಿತ್ತು.

ಫೋನಿನಲ್ಲಿ ಒಂದು ಹನಿಯ ಚಿತ್ರ, ಪಕ್ಕದಲ್ಲಿ ಮೂವತ್ತು ಪರ್ಸೆಂಟ್ ಎಂದಿತ್ತು.

"ಅಜ್ಜೀ, ಮಳೆಗೆ ಮೂವತ್ತೇ ಕಣಜ್ಜಿ! ಮೂವತ್ತೈದಕ್ಕೆ ಪಾಸು. ಮೂವತ್ತು ಅಂದ್ರೆ ಫೇಲು. ಮಳೆ ಫೇಲಾಗ್ಬಿಟ್ಟಿದೆ!"

ಅಜ್ಜಿ ನಕ್ಕ ನಗೆಗೆ ಕೈಯಲ್ಲಿದ್ದ ಸೌಟು ಕುಣಿಯಿತು. "ಅಯ್ಯೋ ಪಾಪ, ಐದೇ ಮಾರ್ಕ್ಸಲ್ಲಿ ಓಯ್ತಾ?"

"ಹೂಂ. ಉಪ್ಪಿಗೇನು ಗೊತ್ತು? ಇದು ಸ್ಯಾಟಲೈಟಿಂದ ಬರೋದು. ನೀನು ಧೈರ್ಯವಾಗಿ ಇಡು."

ಅಜ್ಜಿ ಒಂದು ಗಳಿಗೆ ಕಿಟಕಿ ನೋಡಿದಳು. ಒಂದು ಗಳಿಗೆ ಮೊಮ್ಮಗಳನ್ನು ನೋಡಿದಳು. "ಓದೋ ಮಗಾ ನೀನು ಏಳ್ತಿದೀಯ, ಇಡಾನ ಬುಡು," ಎಂದು ಹಿಟ್ಟು ಸುರಿದಳು. ಲಾಸ್ಯ ಸ್ಕೂಲಿಗೆ ಹೋಗಿ, ಶನಿವಾರದ ಅಸೆಂಬ್ಲಿಯಲ್ಲಿ ಗಂಟಲು ಸರಿಮಾಡಿಕೊಂಡು, "ಇಂದು ಮೈಸೂರಿನಲ್ಲಿ ಮಳೆ ಇಲ್ಲ" ಎಂದು ಘೋಷಣೆಯನ್ನೂ ಮಾಡಿಬಿಟ್ಟಳು.

ಮಧ್ಯಾಹ್ನ ಮೂರೂವರೆಗೆ, ಫೇಲಾದ ಮಳೆ ಅವರ ಬಡಾವಣೆ ಶ್ರೀರಾಂಪುರಕ್ಕೆ ಬಂತು.

ಸಂಜೆ ಅಮ್ಮ ಕೆಲಸದಿಂದ ಬಂದಳು. ಲಾಸ್ಯಳ ಅಮ್ಮನ ಹೆಸರು ಕುಸುಮ. ಆಸ್ಪತ್ರೆಯೊಂದರಲ್ಲಿ ನರ್ಸು. ದಿನವಿಡೀ ನಿಂತು ಸಾಕಾಗಿರುತ್ತದೆ. ಬಾಗಿಲಲ್ಲೇ ಬಕೆಟ್ಟು ತುಂಬ ಬಳಿದಿಟ್ಟ ಬಿಳೀ ಗಂಜಿ ನೋಡಿ ಅವಳ ಮುಖ ಸಪ್ಪಗಾಯಿತು.

"ಅಯ್ಯೋ ಅತ್ತೆ! ಅಷ್ಟೂ ಹೋಯ್ತಾ? ಮೋಡ ನೋಡ್ಬಾರ್ದಿತ್ತಾ ನೀವು?"

ಲಾಸ್ಯ ಹೋಂವರ್ಕ್ ಪುಸ್ತಕದೊಳಗೆ ಮುಖ ಹುದುಗಿಸಿದಳು. ಈಗ ಅಜ್ಜಿ ಹೇಳುತ್ತಾಳೆ. ಇವಳೇ ಹೇಳಿದ್ದು ಅನ್ನುತ್ತಾಳೆ.

"ನೋಡ್ಲಿಲ್ಲ ಕಣವ್ವ," ಅಂದಳು ಅಜ್ಜಿ. "ಗೊತ್ತಾಗ್ಲಿಲ್ಲ. ವಯಸ್ಸಾಯ್ತಲ್ಲ."

ಲಾಸ್ಯ ತಲೆ ಎತ್ತಿದಳು. ಅಜ್ಜಿ ಅವಳ ಕಡೆ ನೋಡಲೇ ಇಲ್ಲ, ಬಕೆಟ್ಟಿನ ಹಿಡಿಯನ್ನು ಒರೆಸುತ್ತಿದ್ದಳು. ನಾನೇ ಹೇಳಿದ್ದು ಅಮ್ಮಾ ಎಂದು ಲಾಸ್ಯ ಬಾಯಿ ತೆರೆದಳು. ಆದರೆ ಹೇಳದೆ, ಪೆನ್ಸಿಲಿನ ತುದಿ ಕಚ್ಚಿಕೊಂಡಳು.

ಅಷ್ಟರಲ್ಲಿ ಫೋನು. ಲಕ್ಷ್ಮೀಪುರಂನ ಮಂಜುಳಮ್ಮ. ಅವರ ಮಗಳ ಮದುವೆಗೇ ಈ ಸಂಡಿಗೆ. ದೊಡ್ಡ ಮಗಳ ಮದುವೆಗೂ ಅಜ್ಜಿಯೇ ಮಾಡಿಕೊಟ್ಟಿದ್ದಳು. ಬರುವ ವಾರ ಕಳೆದು ಬುಧವಾರ ಚಪ್ಪರ, ಗುರುವಾರ ಮುಹೂರ್ತ. ಅದೇ ವಾರದ ಸೋಮವಾರ ಬೆಳಿಗ್ಗೆಯೊಳಗೆ ಸಂಡಿಗೆ ಅವರ ಮನೆಯಲ್ಲಿರಬೇಕು. ಅಜ್ಜಿಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಫೋನನ್ನು ಸ್ಪೀಕರಿನಲ್ಲೇ ಇಡುತ್ತಾರೆ. ಹಾಗಾಗಿ, ಸಂಡಿಗೆ ಮಳೆಗೆ ಹೋದದ್ದು ಕೇಳಿ ಅವರು ಅಜ್ಜಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಆಗ್ದಿದ್ರೆ ಹೇಳ್ಬಿಡಿ ಮಂಗಳಮ್ಮ, ಅಂಗಡಿಯಿಂದ ತರಿಸ್ಕೋತೀವಿ. ನಮಗೇನೂ ಬೇಜಾರಿಲ್ಲ."

"ಮಾಡ್ಕೊಡ್ತೀನಿ ಕಣ್ರೀ. ಇನ್ನೂ ದಿನ ಅದಲ್ಲ."

ಫೋನಿಟ್ಟ ಮೇಲೆ ಅಜ್ಜಿ, "ಅಂಗಡೀದಂತೆ!" ಎಂದು ಗೋಡೆಗೆ ಹೇಳಿದಳು.

ಅಮ್ಮ ಅವಳ ಪಕ್ಕ ಕೂತಳು. ದನಿ ಮೆತ್ತಗಿತ್ತು. "ಅತ್ತೆ, ಇದೊಂದು ಮದುವೆ ಮುಗಿಸ್ಬಿಡಿ. ಮುಂದಿನ ವರ್ಷದಿಂದ ಬೇಡ. ಮೋಡನೂ ಗೊತ್ತಾಗಲ್ಲ ಅಂದ್ರೆ ಮಹಡಿ ಹತ್ತಿ ಇಳಿಯೋದು ಹೇಗೆ? ನೀವೇ ಹೇಳಿದ್ರಲ್ಲ, ವಯಸ್ಸಾಯ್ತು ಅಂತ."

ಅಜ್ಜಿ ಎದ್ದು ಬಕೆಟ್ಟನ್ನು ಬಚ್ಚಲಿಗೆ ಒಯ್ದಳು. ಲಾಸ್ಯ ಹೋಂವರ್ಕಿನಲ್ಲಿ ಬರೆದ ಸಾಲನ್ನೇ ಮತ್ತೆ ಬರೆದಳು.

ಭಾನುವಾರ ಅವಳು ಕೂತಲ್ಲಿ ಕೂರಲಿಲ್ಲ. ಮಹಡಿಗೆ ಹೋದಳು, ಇಳಿದಳು, ಮತ್ತೆ ಹತ್ತಿದಳು. ಆಕಾಶ ತೊಳೆದಿಟ್ಟ ಹಾಗಿತ್ತು. ನಿನ್ನೆ ಏನೂ ಮಾಡಿಲ್ಲ ಎನ್ನುವಂತೆ ಬಿಸಿಲು ಹೊಡೆಯುತ್ತಿತ್ತು. ಲಾಸ್ಯಳಿಗೆ ಮೈಯೆಲ್ಲ ಉರಿಯಿತು. "ಮೋಸಗಾರ!" ಎಂದು ಆಕಾಶಕ್ಕೆ ಬೈದಳು. ಪಕ್ಕದ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಅಂಕಲ್ ಗಾಬರಿಯಿಂದ ತಿರುಗಿ ನೋಡಿದರು.

ಕೆಳಗೆ ಬಂದಾಗ ಅಜ್ಜಿ ಹಾಲಿನ ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ಸಿಲು ಹಿಡಿದು ನಿಂತಿದ್ದಳು. ನಿನ್ನೆಯ ತಾರೀಖಿಗೆ ಒಂದು ಸೊನ್ನೆ ಸುತ್ತಿ, ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 'ಮಳೆ 3½' ಎಂದು ಬರೆದಳು.

"ಅದೇನಜ್ಜಿ?"

"ಸಂಡಿಗೆ ಬಿಸ್ಲಿಗಿಟ್ಟ ದಿನ ಸೊನ್ನೆ ಸುತ್ತಿರ್ತೀನಿ. ಮಳೆ ಬಂದು ಕೆಟ್ರೆ ಗೀಟು. ಎಷ್ಟೊತ್ತಿಗೆ ಬಂತು ಅಂತಾನೂ ಬರೀತೀನಿ. ಮುಂದಿನ್ ವರ್ಸಕ್ಕೆ ಗ್ಯಾಪಕ ಇರ್ಲಿ ಅಂತ."

"ಹಳೇ ಕ್ಯಾಲೆಂಡರೆಲ್ಲ ಎಲ್ಲಿವೆ?"

"ಎಲ್ಲಿರ್ತವೆ? ಶೆಲ್ಫ್ ಮ್ಯಾಲೆ ಹಾಸಿವ್ನಿ."

ಲಾಸ್ಯ ಸ್ಟೂಲು ಎಳೆದುಕೊಂಡು ಅಡುಗೆಮನೆಯ ಮೇಲಿನ ಶೆಲ್ಫಿಗೆ ಹತ್ತಿದಳು. ಸ್ಟೀಲಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿದಳು. ಡಬ್ಬದ ಕೆಳಗೆ ಹೋದ ವರ್ಷದ ಮಾರ್ಚ್ ತಿಂಗಳ ಹಾಳೆ. ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಅದರ ಕೆಳಗೆ ಇನ್ನೂ ಹಳೆಯದು. ಅಜ್ಜಿ ಪ್ರತಿ ವರ್ಷ ಹಳೆಯ ಹಾಳೆ ತೆಗೆಯದೆ, ಅದರ ಮೇಲೇ ಹೊಸದು ಹಾಸಿದ್ದಳು. ಕೆಳಕೆಳಗೆ ಹೋದ ಹಾಗೆ ಕಾಗದ ಹಳದಿಯಾಗುತ್ತ, ಎಣ್ಣೆಯ ಕಲೆಯಾಗುತ್ತ, ಅರಿಶಿನದ ವಾಸನೆಯಾಗುತ್ತ ಹೋಯಿತು. ಕೊನೆಯದು ಈ ಮನೆಗೆ ಬಂದ ವರ್ಷದ್ದು. ಒಟ್ಟು ಇಪ್ಪತ್ತನಾಲ್ಕು ಹಾಳೆ. ಎಲ್ಲದರಲ್ಲೂ ಸೊನ್ನೆಗಳು, ಅಲ್ಲಲ್ಲಿ ಗೀಟುಗಳು.

"ಅಜ್ಜೀ, ಇವನ್ನ ಸ್ಕೂಲಿಗೆ ತಗೊಂಡೋಗ್ಲಾ?"

"ಎಣ್ಣೆ ಕಾಗ್ದ ತಗೊಂಡ್ ಓಗಿ ಏನ್ಮಾಡ್ತೀಯೇ? ನಿಮ್ ಮಿಸ್ಸು ಬಯ್ಯೋಕಿಲ್ವಾ?" ಎಂದಳು ಅಜ್ಜಿ. ಹೇಳುತ್ತಲೇ ಹಾಳೆಗಳ ಮೇಲಿನ ಧೂಳನ್ನು ಸೆರಗಿನಿಂದ ಕೊಡವಿ ಕೊಟ್ಟಳು.

ಸೋಮವಾರ ಅಸೆಂಬ್ಲಿಯಲ್ಲಿ ಲಾಸ್ಯ ಹವಾಮಾನ ಹೇಳಲಿಲ್ಲ. ಹೆಸರು ಕರೆದಾಗ ಸಾಲಿನಲ್ಲೇ ನಿಂತು ಶೂ ನೋಡಿಕೊಂಡಳು. ಆಮೇಲೆ ಕ್ಲಾಸಿನಲ್ಲಿ ಲಿಖಿತ್ ಹಿಂದಿನ ಬೆಂಚಿನಿಂದ ಕೆಣಕಿದ. ಅವನ ಮನೆ ಅಶೋಕಪುರಂನಲ್ಲಿ.

"ಏ ಹವಾಮಾನ! ನಿನ್ನ ಮಾತು ಕೇಳಿ ನಮ್ಮಮ್ಮ ಬಟ್ಟೆ ತೆಗೀಲಿಲ್ಲ ಕಣೇ. ನನ್ನ ಯೂನಿಫಾರಂ ಇನ್ನೂ ವಾಸ್ನೆ ಹೊಡೀತಿದೆ, ಮೂಸ್ತೀಯಾ?"

"ಫೋನಲ್ಲಿ ಹಾಗೇ ಇತ್ತು. ಫೋನೇ ಸುಳ್ಳು!" ಲಾಸ್ಯ ಕಿರುಚಿದಳು.

ಕ್ಲಾಸಿಗೆ ಬರುತ್ತಿದ್ದ ಭಾನುಪ್ರಿಯಾ ಮಿಸ್ ಬಾಗಿಲಲ್ಲೇ ನಿಂತರು. ಅವರು ಇವಿಎಸ್, ಅಂದರೆ ಪರಿಸರ ಅಧ್ಯಯನದ ಪಾಠ ಮಾಡುವವರು. ಬಯ್ಯುವ ಬದಲು, "ಏನಿತ್ತು ಫೋನಲ್ಲಿ?" ಎಂದು ಕೇಳಿದರು. ಲಾಸ್ಯ ಹೇಳಿದಳು. ಮೂವತ್ತೈದಕ್ಕೆ ಪಾಸು ಅನ್ನುವುದನ್ನೂ ಸಣ್ಣ ದನಿಯಲ್ಲಿ ಸೇರಿಸಿದಳು. ಇಡೀ ಕ್ಲಾಸು ಗೊಳ್ಳೆಂದಿತು. ಮಿಸ್ ಮಾತ್ರ ನಗದೆ, ಅಥವಾ ನಗು ತಡೆದುಕೊಂಡು, "ಯಾರತ್ರ ಹುಣಸೆ ಬೀಜ ಇದೆ?" ಅಂದರು.

ಲಿಖಿತ್‌ನ ಜೇಬಿನಲ್ಲಿ ಹುಣಸೆ ಬೀಜ ಇಲ್ಲದ ದಿನವೇ ಇಲ್ಲ. ಮಿಸ್ ಹತ್ತು ಬೀಜ ತೆಗೆದುಕೊಂಡು, ಮೂರಕ್ಕೆ ಸೀಮೆಸುಣ್ಣ ಬಳಿದು, ಎಲ್ಲವನ್ನೂ ಅವನ ಟಿಫಿನ್ ಡಬ್ಬಿಗೆ ಹಾಕಿದರು.

"ಲಾಸ್ಯ, ನೋಡದೆ ಒಂದು ತೆಗಿ."

ಕಪ್ಪು ಬೀಜ ಬಂತು. ವಾಪಸು ಹಾಕಿ ಮತ್ತೆ ತೆಗೆದಳು. ಕಪ್ಪು. ಮತ್ತೆ ಕಪ್ಪು. ನಾಲ್ಕನೆಯ ಸಲ ಬೆರಳಿಗೆ ಸುಣ್ಣ ಹತ್ತಿತು.

"ಬಂತು ಮಳೆ," ಅಂದರು ಮಿಸ್. "ಡಬ್ಬಿ ಸುಳ್ಳು ಹೇಳಿತಾ?"

ಲಾಸ್ಯ ಬಿಳೀ ಬೀಜ ನೋಡಿದಳು. "ಇಲ್ಲ ಮಿಸ್. ಮೂರು ಬಿಳೀದಿದೆ ಅಂತ ಮೊದಲೇ ಗೊತ್ತಿತ್ತು."

"ಫೋನ್ ಹೇಳಿದ್ದೂ ಅಷ್ಟೇ. ಶನಿವಾರದಂಥ ಹತ್ತು ದಿನ ಬಂದ್ರೆ, ಅದರಲ್ಲಿ ಮೂರು ದಿನ ಮಳೆ ಬರುತ್ತೆ. ಇದು ಪರೀಕ್ಷೆ ಅಲ್ಲಮ್ಮ, ಪಾಸು ಫೇಲು ಮಾಡೋಕೆ."

"ಹಾಗಾದ್ರೆ ಬರುತ್ತೋ ಇಲ್ವೋ ಅಂತ ಸರಿಯಾಗಿ ಯಾಕೆ ಹೇಳಲ್ಲ?" ಲಾಸ್ಯಳಿಗೆ ಇನ್ನೂ ಕೋಪ.

"ಗಾಳಿ ಒಂದು ಕಡೆ ನಿಂತ್ರೆ ತಾನೇ ಹೇಳೋದು? ಬಿಸಿಲಿಗೆ ನೆಲ ಕಾಯುತ್ತೆ. ನೆಲದ ಮೇಲಿನ ಗಾಳಿ ಬಿಸಿಯಾಗಿ, ಹಗುರಾಗಿ, ನೀರಾವಿನೂ ಹೊತ್ಕೊಂಡು ಮೇಲೆ ಹೋಗುತ್ತೆ. ಮೇಲೆ ಚಳಿ. ಅಲ್ಲಿ ಆವಿ ತಣ್ಣಗಾಗಿ ಹನಿಯಾಗುತ್ತೆ."

ಲಾಸ್ಯಳಿಗೆ ಅಜ್ಜಿಯ ಒಲೆ ನೆನಪಾಯಿತು. "ಸಂಡಿಗೆ ಹಿಟ್ಟು ಬೇಯಿಸೋವಾಗ ಮುಚ್ಚಳದೊಳಗೆ ನೀರು ಕೂತ್ಕೊಳ್ಳುತ್ತಲ್ಲ, ಹಾಗಾ?"

"ಹಾಗೇ. ಆ ಮುಚ್ಚಳದ ಯಾವ ಜಾಗದಿಂದ ಮೊದಲನೇ ಹನಿ ಬೀಳುತ್ತೆ ಅಂತ ನೀನು ಹೇಳ್ತೀಯಾ?"

ಲಾಸ್ಯ ಕಣ್ಣು ಮುಚ್ಚಿ ಮುಚ್ಚಳವನ್ನು ನೆನೆದಳು. ಹನಿಗಳು ಕೂತಿರುತ್ತವೆ, ಜಾರುತ್ತವೆ, ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ. ಒಂದು ಟಪ್ ಎನ್ನುತ್ತದೆ. ಯಾವುದು ಎಂದು ಹೇಳಲು ಬರುವುದಿಲ್ಲ. ಬೀಳುತ್ತದೆ ಅಂತ ಮಾತ್ರ ಹೇಳಬಹುದು.

ಊಟದ ಬೆಲ್ಲು ಹೊಡೆದ ಮೇಲೆ ಅವಳು ಬ್ಯಾಗಿನಿಂದ ಹಾಳೆಗಳ ಸುರುಳಿ ತೆಗೆದಳು. ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿದಾಗ ಅರಿಶಿನದ ವಾಸನೆ ಎದ್ದಿತು. ಮಿಸ್ ಕನ್ನಡಕ ಹಾಕಿಕೊಂಡರು. ಇಬ್ಬರೂ ಸೇರಿ ಗೀಟುಗಳನ್ನು ಎಣಿಸಿದರು. ಮೊದಲ ಹನ್ನೆರಡು ವರ್ಷಗಳಲ್ಲಿ ಎರಡೇ ಸಲ ಸಂಡಿಗೆ ಮಳೆಗೆ ಕೆಟ್ಟಿತ್ತು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಒಂಬತ್ತು ಸಲ.

"ಅಜ್ಜಿಗೆ ವಯಸ್ಸಾಗಿದ್ದಕ್ಕಾ ಮಿಸ್?" ಲಾಸ್ಯ ಹೆದರಿಕೊಂಡೇ ಕೇಳಿದಳು.

"ವಯಸ್ಸಾದ್ರೆ ಮಳೆ ಬರುತ್ತೇನಮ್ಮ?" ಮಿಸ್ ನಕ್ಕರು. "ಇದು ಒಂದೇ ಮಹಡಿಯ ಲೆಕ್ಕ. ಒಂದು ಮಹಡಿ ನೋಡಿ ಊರಿನ ಹವಾಗುಣ ಬದಲಾಯ್ತು ಅಂತ ಹೇಳಬಾರದು. ಆದರೆ ಇಂಥ ಸಾವಿರಾರು ಕಡೆ, ವರ್ಷಗಟ್ಟಲೆ ಬರೆದಿಟ್ಟಿದ್ದನ್ನ ಸೇರಿಸಿದ್ರೆ ಹೇಳಬಹುದು. ವಿಜ್ಞಾನಿಗಳು ಹಾಗೇ ಮಾಡಿರೋದು. ಭೂಮಿ ಬಿಸಿಯಾಗ್ತಿದೆ, ನಾವು ಸುಡೋ ಪೆಟ್ರೋಲು, ಕಲ್ಲಿದ್ದಲಿನ ಹೊಗೆಯಿಂದ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ತುಂಬ್ಕೊಳ್ಳುತ್ತೆ. ಅದಕ್ಕೇ ಗಾಳಿ ಮೊದಲಿನ ಹಾಗೆ ನೆಮ್ಮದಿಯಾಗಿ ಇರಲ್ಲ."

ನನ್ನ ಹಾಗೆ ಅದಕ್ಕೂ ಕೂತಲ್ಲಿ ಕೂರಲು ಆಗುತ್ತಿಲ್ಲ ಎಂದುಕೊಂಡಳು ಲಾಸ್ಯ.

ಮಿಸ್ ಹಾಳೆಯ ಮೇಲೆ ಬೆರಳಿಟ್ಟರು. "ಇದು ನೋಡಿದ್ಯಾ? ಟೈಮ್ ಬರೆದಿದಾರೆ ನಿಮ್ಮಜ್ಜಿ. ಮೂರೂವರೆ, ನಾಲ್ಕು, ಐದು. ಹನ್ನೊಂದರಲ್ಲಿ ಹತ್ತು ಸಲ ಮೂರು ಗಂಟೆ ಆದ ಮೇಲೇ. ಯಾವ ಕಾಲೇಜಲ್ಲಿ ಓದಿದಾರೆ ಇವರು?"

"ನಾಲ್ಕನೇ ಕ್ಲಾಸು ಮಿಸ್."

ಆ ವಾರ ಹೇಗೆ ಕಳೆಯಿತೋ ಲಾಸ್ಯಳಿಗೇ ಗೊತ್ತಿಲ್ಲ. ಅಜ್ಜಿ ಅಕ್ಕಿ ನೆನೆಹಾಕಿದಳು, ರುಬ್ಬಿಸಿಕೊಂಡು ಬಂದಳು. ಲಾಸ್ಯ ಕ್ಲಾಸಿನ ಕಿಟಕಿಯಿಂದ ಮೋಡ ನೋಡಿದಳು, ಬಸ್ಸಿನ ಕಿಟಕಿಯಿಂದ ನೋಡಿದಳು, ತಟ್ಟೆಯ ಮುಂದೆ ಕೂತು ಬಾಗಿಲಾಚೆ ನೋಡಿದಳು. ಅಮ್ಮನಿಗೆ ಹೇಳಬೇಕು ಎಂದು ದಿನಾ ಅಂದುಕೊಂಡಳು. ಅಮ್ಮ ಬಂದಾಗ ಸುಸ್ತಾಗಿರುತ್ತಾಳೆ, ನಾಳೆ ಹೇಳೋಣ ಎಂದು ದಿನಾ ನೆಪ ಮಾಡಿಕೊಂಡಳು.

ಶನಿವಾರ ಅಜ್ಜಿ ಮತ್ತೆ ಎಂಟುನೂರು ಸಂಡಿಗೆ ಇಟ್ಟಳು. ಈ ಸಲ ಲಾಸ್ಯಳ ಮಾತಿನಂತೆ ಒಂದೇ ಉದ್ದ ಶೀಟಿನ ಮೇಲಲ್ಲ, ಇಬ್ಬರು ಹಿಡಿದು ಎತ್ತುವಂಥ ಎಂಟು ಚಿಕ್ಕ ಶೀಟುಗಳ ಮೇಲೆ. ಮಳೆ ಬರಲಿಲ್ಲ. ಸಂಡಿಗೆಯ ಮೇಲ್ಮೈ ಒಣಗಿತು. ತಿರುವಿ ಹಾಕಿ ಇನ್ನೊಂದು ದಿನ ಬಿಸಿಲು ಕಾಯಿಸಿದರೆ ಆಯಿತು. ಆ ಇನ್ನೊಂದು ದಿನ ಭಾನುವಾರ. ಅದರ ಮೇಲೆ ದಿನವಿಲ್ಲ.

ಭಾನುವಾರ ಬೆಳಿಗ್ಗೆ ಲಾಸ್ಯ ಫೋನು ನೋಡಿದಳು. ಅರವತ್ತು ಪರ್ಸೆಂಟ್.

"ಫೋನ್ ಏನಂತದೆ ಕೂಸೇ?" ಅಜ್ಜಿ ಕೇಳಿದಳು.

ಅಮ್ಮನಿಗೆ ಅವತ್ತು ರಜ. ಕಾಫಿ ಸೋಸುತ್ತಿದ್ದವಳು, "ಫೋನ್ ಬಿಡಿ ಅತ್ತೆ. ಇವತ್ತು ನಾನೇ ಮೋಡ ನೋಡ್ಕೋತೀನಿ, ಹೋದ ವಾರದ ಹಾಗೆ ಮರ್ತುಬಿಟ್ಟೀರ," ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಜ್ಜಿ ಫೋನಿನ ವಿಷಯ ಬಿಟ್ಟು ಒಲೆಯ ಕಟ್ಟೆ ಒರೆಸತೊಡಗಿದಳು.

"ಅಜ್ಜಿ ಮರೀಲಿಲ್ಲ!"

ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಲಾಸ್ಯಳಿಗೆ ತಡವಾಗಿ ಗೊತ್ತಾಯಿತು. ಇನ್ನು ನಿಲ್ಲಿಸುವುದಕ್ಕೆ ಆಗಲಿಲ್ಲ.

"ಅಜ್ಜಿಗೆ ಗೊತ್ತಾಗಿತ್ತಮ್ಮ. ಉಪ್ಪು ಒದ್ದೆ ಇದೆ, ಇವತ್ತು ಬೇಡ ಅಂದಿದ್ಳು. ನಾನೇ... ಮೂವತ್ತು ಅಂದ್ರೆ ಫೇಲು, ಮಳೆ ಬರಲ್ಲ, ಇಡು ಅಂದೆ. ಅಜ್ಜಿ ನನ್ನ ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅಜ್ಜಿಗೆ ವಯಸ್ಸಾಗಿಲ್ಲ ಅಮ್ಮ!"

ಈಗ ಅಳು ಬಂತು. ಎಂಟು ದಿನದ್ದು ಒಟ್ಟಿಗೇ ಬಂತು.

ಅಮ್ಮ ಕಾಫಿ ಲೋಟ ಕೆಳಗಿಟ್ಟು ಅತ್ತೆಯನ್ನು ನೋಡಿದಳು. ಅಜ್ಜಿಗೆ ಸಿಕ್ಕಿಬಿದ್ದವಳ ಮುಖ.

"ಮಗೀನ್ ಮಾತು ಕೇಳಿ ಇಟ್ಟೋಳು ನಾನು ತಾನೇ?" ಎಂದು ಗೊಣಗಿದಳು. "ಉಪ್ಪು ಒದ್ದೆ ಆದಾಗೆಲ್ಲ ಮಳೆ ಬತ್ತದಾ? ಒಂದಿನ ಬತ್ತದೆ, ಒಂದಿನ ಬರಾಕಿಲ್ಲ. ಎಂಗೆ ಅಂತ ಏಳೋದು?"

ಲಾಸ್ಯ ಕಣ್ಣೊರೆಸಿಕೊಂಡು ಅಜ್ಜಿಯನ್ನು ನೋಡಿದಳು. ಹುಣಸೆ ಬೀಜದ ಡಬ್ಬಿ ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು.

"ಇವತ್ತು ಅರವತ್ತು ಅಜ್ಜಿ," ಅಂದಳು. "ಹತ್ತರಲ್ಲಿ ಆರು. ಆದ್ರೆ ನಿನ್ನ ಕ್ಯಾಲೆಂಡರಲ್ಲಿ ಮಳೆ ಜಾಸ್ತಿ ಬಂದಿರೋದು ಮೂರು ಗಂಟೆ ಮೇಲೆ. ಈಗ್ಲೇ ಬಿಸಿಲಿಗೆ ಹಾಕಿ ಎರಡೂವರೆಗೆ ಎತ್ಬಿಟ್ರೆ? ಮೂರೇ ಜನ ಸಾಕು. ನಾನು ಅಲ್ಲೇ ಕೂತಿರ್ತೀನಿ, ಎಲ್ಲೂ ಹೋಗಲ್ಲ."

"ಬೆಳಿಗ್ಗೇನೇ ಬಂದ್ಬುಟ್ರೆ?"

ಲಾಸ್ಯ ಯೋಚಿಸಿದಳು. ಬರಲ್ಲ ಅನ್ನಬೇಕು ಎಂದು ನಾಲಿಗೆ ತುದಿಗೆ ಬಂತು. "ಬರಬಹುದು," ಅಂದಳು. "ಬಂದ್ರೆ ಓಡಬೇಕು."

ಅಜ್ಜಿ ನಕ್ಕಳು. "ಸರಿ, ಮೂರು ಜನ ಓಡಾನ ನಡೀರಿ."

ಏಳು ಗಂಟೆಗೇ ಎಂಟು ಶೀಟು ಮಹಡಿಯ ಮೇಲೆ ಹರಡಿದವು. ಲಾಸ್ಯ ತಲೆಗೆ ಟವೆಲ್ಲು ಸುತ್ತಿಕೊಂಡು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಳು. ಕೂತಳು ಎಂದರೆ ಸುಳ್ಳು. ಎದ್ದಳು, ತಿರುಗಿದಳು, ಬೆಟ್ಟ ನೋಡಿದಳು, ಸಂಡಿಗೆ ಮುಟ್ಟಿದಳು. ಹತ್ತು ಗಂಟೆಗೆ ಬಿಸಿಲು ಚುರುಗುಟ್ಟಿತು. ಹನ್ನೊಂದಕ್ಕೆ ಚಾಮುಂಡಿ ಬೆಟ್ಟದ ಹಿಂದೆ ಒಂದು ಬಿಳೀ ಮೋಡ ಎದ್ದಿತು. ಅದು ಮೇಲೆ ಮೇಲೆ ಬೆಳೆಯುತ್ತಿತ್ತು. ಬಿಸಿ ಗಾಳಿ ಏರುತ್ತಿರುವುದು ಕಣ್ಣಿಗೇ ಕಾಣುತ್ತಿದೆ ಎಂದು ಅವಳಿಗೆ ಹೊಳೆಯಿತು. ಭಯವಾಯಿತು. ಅದರ ಜೊತೆಗೇ, ಕಣ್ಣು ತೆಗೆಯಲು ಮನಸ್ಸೂ ಬರಲಿಲ್ಲ.

ಒಂದು ಗಂಟೆಗೆ ಆ ಮೋಡದ ಬುಡ ಕಪ್ಪಾಯಿತು. ಅಮ್ಮ ಮಹಡಿಗೆ ಬಂದು, "ಎತ್ಬಿಡೋಣ ಕಣೇ," ಅಂದಳು. ಅಜ್ಜಿ ಒಂದು ಸಂಡಿಗೆ ಮುರಿದು ನೋಡಿದಳು. ಒಳಗೆ ಇನ್ನೂ ಮೆತ್ತಗಿತ್ತು. "ಇನ್ನೊಂದು ಗಂಟೆ ಬೇಕು." ಮೂವರೂ ನಿಂತೇ ಕಾದರು. ಗಾಳಿ ನಿಂತುಹೋಯಿತು. ಲಾಸ್ಯಳ ಕುತ್ತಿಗೆಯಿಂದ ಬೆವರು ಇಳಿಯಿತು.

ಎರಡು ಗಂಟೆಗೆ ಅಜ್ಜಿ ಇನ್ನೊಂದು ಮುರಿದಳು. ಪಟ್ ಎಂದಿತು.

"ಎತ್ತು!"

ಅಜ್ಜಿ ಬಾಗಿಲು ಹಿಡಿದು ನಿಂತಳು. ಅಮ್ಮ ಆ ತುದಿ, ಲಾಸ್ಯ ಈ ತುದಿ. ಒಂದು, ಎರಡು, ಮೂರು ಶೀಟು. ಐದನೆಯದು ಇಳಿಸುವಾಗ ಗುಡುಗಿತು. ಎಂಟನೆಯದೂ ಮೆಟ್ಟಿಲ ಕೋಣೆಗೆ ಬಂತು. ಒಂದು ಸಂಡಿಗೆಯೂ ಹೋಗಲಿಲ್ಲ. ಇಲ್ಲ, ಒಂದು ಹೋಯಿತು. ಅದನ್ನು ಅವಳೇ ತುಳಿದಿದ್ದಳು.

ಅವಳು ವಾಪಸು ಮಹಡಿಗೆ ಓಡಿ ಮಳೆಗೆ ಕಾದಳು. ಮಳೆ ಬರಲಿಲ್ಲ. ಮೂರೂವರೆಯಾಯಿತು. ತಣ್ಣನೆ ಗಾಳಿ ಬೀಸಿತು, ನೆಂದ ಮಣ್ಣಿನ ವಾಸನೆ ತಂದಿತು. ಅಷ್ಟು ದೂರದಲ್ಲಿ ಬೆಟ್ಟ ಕಾಣೆಯಾಗಿತ್ತು. ಅಶೋಕಪುರಂ ಕಡೆಯೂ ಬೂದುಬಣ್ಣದ ಪರದೆ ಇಳಿಬಿಟ್ಟಂತಿತ್ತು. ಇವರ ಮಹಡಿಯ ಮೇಲೆ ಒಂದು ಹನಿಯೂ ಇಲ್ಲ.

"ನೋಡು, ಅರವತ್ತು ಅಂದಿತ್ತು. ಬರ್ಲೇ ಇಲ್ಲ," ಅಂದಳು ಅಮ್ಮ.

ಆಗ ಫೋನು. ಮಂಜುಳಮ್ಮನ ದನಿ ಸ್ಪೀಕರಿನಲ್ಲಿ ಮಳೆಯ ಸದ್ದಿನ ಜೊತೆಗೇ ಬಂತು.

"ಮಂಗಳಮ್ಮಾ! ಇಲ್ಲಿ ಸುರೀತಾ ಇದೆ ಕಣ್ರೀ, ರಸ್ತೆಯೆಲ್ಲ ಹೊಳೆ! ಸಂಡಿಗೆ ಏನಾಯ್ತು?"

"ಗರಿಗರಿ ಆಗವೆ ಕಣ್ರೀ," ಅಂದಳು ಅಜ್ಜಿ. ಎಷ್ಟೋ ದಿನದ ಮೇಲೆ ಅವಳ ಬೆನ್ನು ನೆಟ್ಟಗಾಗಿತ್ತು. "ನಾಳೆ ಬೆಳಿಗ್ಗೆ ಕಳಿಸ್ತೀನಿ. ಅಂಗಡೀದು ಬ್ಯಾಡಿ."

ಬಂದಿದೆಯಲ್ಲ ಎಂದುಕೊಂಡಳು ಲಾಸ್ಯ. ಬೇರೆಯವರ ಮಹಡಿಗೆ ಬಂದಿದೆ.

ಕೆಳಗೆ ಅಜ್ಜಿ ಸಂಡಿಗೆಗಳನ್ನು ಡಬ್ಬಕ್ಕೆ ತುಂಬಿದಳು. ಅಮ್ಮ ಮುಚ್ಚಳ ಅದುಮುತ್ತ, "ಮುಂದಿನ ವರ್ಷ ಹಿಟ್ಟು ನಾನು ತಿರುವ್ತೀನಿ ಅತ್ತೆ. ತೋಳು ನೋವು ಬರುತ್ತೆ ನಿಮಗೆ," ಅಂದಳು. ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ, "ಗಂಟು ಕಟ್ಟಿಸ್ಬುಟ್ಟೀಯೆ, ಉಷಾರು," ಎಂದಳು.

ಡಬ್ಬ ತುಂಬಿದ ಮೇಲೆ ಅಜ್ಜಿ ಕ್ಯಾಲೆಂಡರಿನ ಹತ್ತಿರ ಹೋಗಿ ಭಾನುವಾರಕ್ಕೆ ಸೊನ್ನೆ ಸುತ್ತಿದಳು. ಗೀಟು ಎಳೆಯಲಿಲ್ಲ.

"ಪೆನ್ಸಿಲ್ ಕೊಡಜ್ಜಿ."

ಲಾಸ್ಯ ಆ ಸೊನ್ನೆಯ ಪಕ್ಕ ಚಿಕ್ಕದಾಗಿ 60 ಎಂದು ಬರೆದಳು. ಹಿಂದಿನ ವಾರದ ಶನಿವಾರಕ್ಕೆ ಹೋಗಿ, ಗೀಟು ಹೊಡೆದ ಸೊನ್ನೆಯ ಪಕ್ಕ 30 ಎಂದು ಬರೆದಳು. ಅದನ್ನು ಬರೆಯುವಾಗ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಮೂವತ್ತು ಬಂದೋನು ಬಂದ. ಅರವತ್ತು ಬಂದೋನು ಬರ್ಲಿಲ್ಲ. ಇವ್ರಲ್ಲಿ ಯಾರೇ ಫೇಲು?"

"ಯಾರೂ ಇಲ್ಲಜ್ಜಿ," ಅಂದಳು ಲಾಸ್ಯ.

ಪೆನ್ಸಿಲ್ ವಾಪಸು ಕೊಡಲು ಹೋದವಳು ನಿಂತಳು. ಅಡುಗೆಮನೆಗೆ ಹೋಗಿ ಉಪ್ಪಿನ ಜಾಡಿಯ ಮುಚ್ಚಳ ತೆಗೆದು ಬೆರಳಿಟ್ಟಳು. ಬಂದು, 60ರ ಕೆಳಗೆ 'ಉಪ್ಪು ಒದ್ದೆ' ಎಂದು ಅದನ್ನೂ ಬರೆದಳು.